ದಾನಿಯ ಮಜ್ಜೆ, ರೈತನ ಕಾಲು

ದುಡಿಯುವ ಪ್ರಾಯದ ಗಂಡಸಿನ ಕಾಲ್ಬೆರಳು ಕಪ್ಪಾಗಿ, ಹುಣ್ಣು ಮಾಯದೆ, ಕೊನೆಗೆ ಕಾಲನ್ನೇ ಕತ್ತರಿಸಬೇಕಾಗಿ ಬರುವ ರೋಗವೊಂದಿದೆ. ವೈದ್ಯರು ಅದನ್ನು ಬರ್ಜರ್ ರೋಗವೆನ್ನುತ್ತಾರೆ. ಕೈಕಾಲುಗಳ ಸಣ್ಣ ರಕ್ತನಾಳಗಳು ಮುಚ್ಚಿಹೋಗುವ ಈ ಬೇನೆಗೂ ತಂಬಾಕಿಗೂ ಬಿಡದ ನಂಟು. ಸಾವಳಗಿಯ ಕಡೆ ಕಬ್ಬಿನ ಹೊಲದ ಬದುವಿನಲ್ಲಿ ಬೀಡಿ ಎಷ್ಟು ಸಾಮಾನ್ಯವೆಂದು ನಮ್ಮ ಓದುಗರಿಗೆ ಹೇಳಬೇಕಾದುದಿಲ್ಲ.

ಈ ರೋಗಕ್ಕೆ ನಮ್ಮ ನಾಡಿನಲ್ಲೇ ಔಷಧವೊಂದು ತಯಾರಾಗಿದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯು ಆರೋಗ್ಯವಂತ ದಾನಿಗಳ ಮೂಳೆಮಜ್ಜೆಯಿಂದ ಕಾಂಡಕೋಶಗಳನ್ನು ಬೇರ್ಪಡಿಸಿ, ಬೆಳೆಸಿ, ‘ಸ್ಟೆಂಪ್ಯೂಸೆಲ್’ ಎಂಬ ಹೆಸರಿನಲ್ಲಿ ಒದಗಿಸುತ್ತದೆ. ಮೀನಖಂಡಕ್ಕೂ ಹುಣ್ಣಿನ ಸುತ್ತಲೂ ಅದನ್ನು ಚುಚ್ಚುತ್ತಾರೆ. ಹೊಸ ರಕ್ತನಾಳಗಳು ಮೂಡಲು ಅದು ನೆರವಾಗಬೇಕೆಂಬುದು ಉದ್ದೇಶ. ಭಾರತದ ಔಷಧ ಮಹಾನಿಯಂತ್ರಕರು 2016ರಲ್ಲಿ ಸೀಮಿತವಾಗಿಯೂ 2020ರಲ್ಲಿ ವಿಸ್ತಾರವಾಗಿಯೂ ಇದಕ್ಕೆ ಒಪ್ಪಿಗೆ ನೀಡಿದರು.

ಕಾಂಡಕೋಶವೆಂದೊಡನೆ ನಮ್ಮ ವಿಶ್ವಾಸಿಗಳಲ್ಲಿ ಕೆಲವರು ಹಿಂಜರಿಯುತ್ತಾರೆ. ಹಿಂಜರಿಕೆಗೆ ಕಾರಣವಿದೆ, ಆದರೆ ಅದು ಇಲ್ಲಿಗೆ ಸಲ್ಲದು. ಧರ್ಮಸಭೆಯು ನಿಷೇಧಿಸುವುದು ಮಾನವ ಭ್ರೂಣವನ್ನು ನಾಶಮಾಡಿ ಪಡೆಯುವ ಕೋಶಗಳನ್ನು. ವಯಸ್ಕರ ದೇಹದಿಂದ ಹಾನಿಯಿಲ್ಲದೆ, ಸಮ್ಮತಿಯಿಂದ ಪಡೆದವಕ್ಕೆ ತಡೆಯಿಲ್ಲ. 2000ದ ಆಗಸ್ಟ್ 29ರಂದು ರೋಮಿನಲ್ಲಿ ಅಂಗಕಸಿ ತಜ್ಞರೆದುರು ಜಗದ್ಗುರು ದ್ವಿತೀಯ ಜಾನ್ ಪೌಲರು ವಯಸ್ಕ ಕೋಶಗಳ ಮಾರ್ಗವನ್ನೇ ತೋರಿದರು. 2008ರ ‘ಡಿಗ್ನಿತಾಸ್ ಪೆರ್ಸೊನೇ’ ಅದನ್ನು ಸ್ಪಷ್ಟಪಡಿಸಿತು. ಮಜ್ಜೆಯ ದಾನ ರಕ್ತದಾನದ ಒಡಹುಟ್ಟೇ ಎಂಬುದು ನಮ್ಮ ಎಣಿಕೆ.

ನಮ್ಮ ಅಳಲು ಬೇರೆಯದು. ರಾಜ್ಯವು ಜೈವಿಕ ತಂತ್ರಜ್ಞಾನ ನೀತಿಯನ್ನು ರೂಪಿಸಿದ್ದು 2001ರಲ್ಲಿ. ಕಾಂಡಕೋಶ ವಿಜ್ಞಾನಕ್ಕೆಂದೇ ‘ಇನ್‌ಸ್ಟೆಮ್’ ಹುಟ್ಟಿದ್ದು 2009ರಲ್ಲಿ, ಅದೂ ಬೆಂಗಳೂರಿನಲ್ಲಿ. ಉದ್ಯಮವೂ ಬಹುಮಟ್ಟಿಗೆ ಅಲ್ಲೇ ನೆಲೆನಿಂತಿತು. ಉತ್ತರದ ಜಿಲ್ಲೆಗಳಿಗೆ ಕಾರ್ಖಾನೆಯೇ ಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಆದರೆ ಹೆಪ್ಪುಗಟ್ಟಿಸಿದ ಕೋಶಗಳನ್ನು ದ್ರವ ಸಾರಜನಕದ ಶೀತದಲ್ಲಿಟ್ಟು ಕಾಯುವುದು ನಮಗೇನೂ ಅಪರಿಚಿತ ವಿದ್ಯೆಯಲ್ಲ. ಹಸು ಎಮ್ಮೆಗಳ ಕೃತಕ ಗರ್ಭಧಾರಣೆಗೆ ಪಶುವೈದ್ಯರು ತರುವ ಕ್ಯಾನಿನಲ್ಲಿರುವುದೂ ಅದೇ ಸಾರಜನಕ. ಬಾಗಲಕೋಟೆ, ವಿಜಯಪುರಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಎಮ್ಮೆಗೆ ಊರಿಗೇ ಬರುವ ಈ ಶೀತ ವ್ಯವಸ್ಥೆ ಮನುಷ್ಯನ ಕಾಲಿಗೆ ಜಿಲ್ಲಾ ಕೇಂದ್ರದವರೆಗಾದರೂ ಬರಬಾರದೇ?

ಮತ್ತೊಂದು ಮಾತು. ಮಂಡಿನೋವಿನಿಂದ ಬುದ್ಧಿಮಾಂದ್ಯದವರೆಗೆ ಎಲ್ಲಕ್ಕೂ ಕಾಂಡಕೋಶವೆಂದು ಸಾರುವವರು ಎದುರಾದರೆ, ಕೋಶ ಯಾರದು, ಒಪ್ಪಿಗೆ ಯಾರದು ಎಂದು ಕೇಳಿರಿ. ಅನುಮೋದನೆಯಿಲ್ಲದ ಇಂಥ ಚಿಕಿತ್ಸೆಯನ್ನು ಅಧಿಕೃತ ಪ್ರಯೋಗದ ಹೊರಗೆ ನೀಡುವಂತಿಲ್ಲವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳಿದೆ. ಇನ್ನು ಬೆರಳು ತಣ್ಣಗಾಗಿ, ನಡೆದಾಗ ಪಾದ ನೋಯತೊಡಗಿದವರು ಹೊಲದ ಕೆಲಸ ಮುಗಿಯಲೆಂದು ಕಾಯದೆ ವೈದ್ಯರಿಗೆ ತೋರಿಸಬೇಕು, ಬೀಡಿಯನ್ನು ಅಂದೇ ಬಿಡಬೇಕು. ಬೀಡಿ ಬಿಡದವನ ಕಾಲನ್ನು ಉಳಿಸುವುದು ಯಾವ ಔಷಧಕ್ಕೂ ಕಷ್ಟ.