ಟಿಗ್ ಕಲಿಯುವವರಿಗೆ ಗಾಳಿಯ ಲೆಕ್ಕ

ಬೀದರ್, ಭಾಲ್ಕಿ, ಔರಾದ್ ಪೇಟೆಗಳಲ್ಲಿ ವೆಲ್ಡಿಂಗ್ ಅಂದರೆ ಸಾಮಾನ್ಯವಾಗಿ ರಾಡ್ ವೆಲ್ಡಿಂಗೇ. ಗೇಟು, ಕಿಟಕಿಯ ಗ್ರಿಲ್, ಟ್ರ್ಯಾಕ್ಟರಿನ ಟ್ರಾಲಿ, ಮುರಿದ ಕುಂಟೆ, ಎಲ್ಲಕ್ಕೂ ಅದು ಸಾಕು. ಒಂದು ಮಿಲಿಮೀಟರ್ ದಪ್ಪದ ಸ್ಟೀಲ್ ಪೈಪಿಗೆ ರಾಡ್ ತಾಗಿಸಿದರೆ ಮಾತ್ರ ತೂತು ಬೀಳುತ್ತದೆ. ಅಲ್ಲಿಂದ ಟಿಗ್ ಶುರು: ಟಂಗ್‌ಸ್ಟನ್ ಕಡ್ಡಿಯಿಂದ ಆರ್ಕ್ ಹಚ್ಚಿ, ಕರಗಿದ ಲೋಹಕ್ಕೆ ಆರ್ಗಾನ್ ಗ್ಯಾಸಿನ ಮುಸುಕು ಹೊದಿಸುವ ವಿಧಾನ. ಅಂಗಡಿ ಭಾಷೆಯಲ್ಲಿ ಆರ್ಗಾನ್ ವೆಲ್ಡಿಂಗ್. ಇನ್ವರ್ಟರ್ ಮಷಿನ್‌ಗಳು ಅಗ್ಗವಾದ ಮೇಲೆ ಮನೆಯ ಶೆಡ್ಡಿನಲ್ಲೇ ಇದನ್ನು ಕಲಿಯುವುದು ಹವ್ಯಾಸಿಗಳಿಗೂ ಸಾಧ್ಯವಾಗಿದೆ. ಆದರೆ ಜಾಯಿಂಟ್ ಕೆಟ್ಟಾಗ ಕೈ ಮೊದಲು ಹೋಗುವುದು ಆಂಪ್ ಗುಂಡಿಗೆ, ಮನಸ್ಸು ಹೋಗುವುದು ಇನ್ನೂ ದೊಡ್ಡ ಮಷಿನ್ ಕಡೆಗೆ. ಕೆಲಸ ಕೆಡಿಸುವುದು ಬಹುಪಾಲು ಗಾಳಿ. ಹಣವಾಗಲಿ ಅಭ್ಯಾಸವಾಗಲಿ ಮೊದಲು ಖರ್ಚಾಗಬೇಕಾದ್ದು ಅದನ್ನು ದೂರ ಇಡುವುದಕ್ಕೆ.

ಈ ವಿದ್ಯೆ ಹುಟ್ಟಿದ್ದೇ ಆ ಕಾರಣಕ್ಕೆ. ಅಮೆರಿಕದ ನಾರ್ತ್ರಾಪ್ ವಿಮಾನ ಕಂಪನಿಯ ರಸೆಲ್ ಮೆರೆಡಿತ್ 1940ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದ್ದು ಮೆಗ್ನೀಸಿಯಂ ಬೆಸೆಯಲು. ಕರಗಿದಾಗ ಗಾಳಿ ತಾಗಿದರೆ ಹೊತ್ತಿ ಉರಿಯುವ ಲೋಹ ಅದು. ಆತ ಬಳಸಿದ್ದು ಹೀಲಿಯಂ, ನಾವು ಬಳಸುವುದು ಆರ್ಗಾನ್. ಮುಸುಕು ಸರಿಯಾಗಿತ್ತೇ ಎಂಬುದಕ್ಕೆ ಜಾಯಿಂಟೇ ಸಾಕ್ಷಿ. ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಬೆಳ್ಳಿ ಅಥವಾ ತಿಳಿ ಹೊನ್ನಿನ ಬಣ್ಣ ಇದ್ದರೆ ಚಿಂತೆಯಿಲ್ಲ. ನೀಲಿ, ನೇರಳೆ ದಾಟಿ ಬೂದಿಗೆ ತಿರುಗಿದರೆ ಬಿಸಿ ಲೋಹ ಗಾಳಿ ಕುಡಿದಿದೆ. ಶಾಖ ಹೆಚ್ಚಾದರೂ ಬಣ್ಣ ಏರುತ್ತದೆ, ನಿಜ. ಆಂಪ್ ಇಳಿಸಿ, ಕೈ ಚುರುಕಾಗಿಸಿದ ಮೇಲೂ ಬೂದಿಯೇ ಉಳಿದರೆ ತಪ್ಪು ಗ್ಯಾಸಿನದು. ಪೈಪಿನ ಒಳಮೈಯನ್ನೂ ನೋಡಬೇಕು. ಅಲ್ಲಿ ಆರ್ಗಾನ್ ಇಲ್ಲದಿದ್ದರೆ ಕರಿಬೆಲ್ಲದ ಪುಡಿ ಮೆತ್ತಿದಂತೆ ಹರಳು ಕಟ್ಟುತ್ತದೆ. ಕಬ್ಬಿನ ಸೀಮೆಯ ಭಾಲ್ಕಿಯವರಿಗೆ ಹೋಲಿಕೆ ವಿವರಿಸಬೇಕಿಲ್ಲ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿರುವಂಥ ಔಷಧ ಕಾರ್ಖಾನೆಗಳ ಪೈಪಿನಲ್ಲಿ ಇಂಥ ಹರಳು ನಡೆಯುವುದೇ ಇಲ್ಲ. ಮನೆಯಲ್ಲಿ ಪೈಪಿನ ಎರಡೂ ಬಾಯಿಗೆ ಟೇಪ್ ಸುತ್ತಿ, ಒಂದು ಕಡೆಯಿಂದ ಆರ್ಗಾನ್ ಬಿಟ್ಟು, ಇನ್ನೊಂದು ಕಡೆ ಸೂಜಿ ತೂತು ಇಟ್ಟರೆ ಆಯಿತು.

ಹಾಗಾದರೆ ಗ್ಯಾಸ್ ಜಾಸ್ತಿ ಬಿಟ್ಟರೆ ಮುಗಿಯಿತಲ್ಲ ಎನ್ನಬಹುದು. ರಭಸ ಹೆಚ್ಚಾದರೆ ಆರ್ಗಾನ್ ಸುಳಿಸುಳಿಯಾಗಿ ನುಗ್ಗಿ ಅಕ್ಕಪಕ್ಕದ ಗಾಳಿಯನ್ನೂ ಒಳಗೆಳೆಯುತ್ತದೆ, ದುಡ್ಡೂ ಹೋಗುತ್ತದೆ. 7 ಘನ ಮೀಟರಿನ ಸಿಲಿಂಡರ್ ನಿಮಿಷಕ್ಕೆ 8 ಲೀಟರಿನಂತೆ ಸುಮಾರು ಹದಿನಾಲ್ಕೂವರೆ ಗಂಟೆ ಬರುತ್ತದೆ. 15 ಲೀಟರಿನಂತೆ ಎಂಟು ಗಂಟೆಯೂ ಇಲ್ಲ. ಟಾರ್ಚಿಗೆ ಗ್ಯಾಸ್ ಲೆನ್ಸ್ ಹಾಕಿದರೆ ಅದರ ಸಣ್ಣ ಜಾಲರಿ ಹರಿವನ್ನು ಹದಗೊಳಿಸುತ್ತದೆ. ಹೊಸಬರಿಗೆ ಇದಕ್ಕಿಂತ ಲಾಭದ ಖರೀದಿ ಇನ್ನೊಂದಿಲ್ಲ. ಆರ್ಕ್ ಆರಿದ ಮೇಲೂ ಕೆಲವು ಸೆಕೆಂಡ್ ಟಾರ್ಚ್ ಅಲ್ಲೇ ಹಿಡಿದಿರಬೇಕು, ಗ್ಯಾಸ್ ಹರಿಯುತ್ತಿರುತ್ತದೆ. ಟಂಗ್‌ಸ್ಟನ್ ಕಡ್ಡಿಯ ಮೊನೆಯನ್ನು ಉದ್ದುದ್ದಕ್ಕೆ ಮಸೆಯಿರಿ; ಅಡ್ಡ ಮಸೆದರೆ ಆರ್ಕ್ ಅತ್ತಿತ್ತ ಅಲೆಯುತ್ತದೆ. ಕರಗಿದ ಲೋಹಕ್ಕೆ ಮೊನೆ ತಾಗಿತೋ, ನಿಲ್ಲಿಸಿ ಮತ್ತೆ ಮಸೆಯಬೇಕು. ಬೇಸರದ ಕೆಲಸವೇ, ಆದರೆ ಬೇರೆ ದಾರಿಯಿಲ್ಲ. ಥೋರಿಯಂ ಬೆರೆತ ಕೆಂಪು ತುದಿಯ ಕಡ್ಡಿಯ ಧೂಳು ವಿಕಿರಣಶೀಲ. ಲ್ಯಾಂಥನಂ ಬೆರೆತದ್ದನ್ನು ಕೊಂಡರೆ ಆ ತಾಪತ್ರಯವಿಲ್ಲ.

ನಮ್ಮ ಬಿಸಿಲಿನ ಪ್ರಶ್ನೆಯೂ ಇದೆ. ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನೊಳಗೆ ಫ್ಯಾನಾಗಲಿ ಕೂಲರಾಗಲಿ ಇಲ್ಲದೆ ಕೂರುವವರಾರು? ಸೆಕೆಂಡಿಗೆ ಎರಡು ಮೀಟರ್ ವೇಗದ ಗಾಳಿ ಬಂದರೂ ಆರ್ಗಾನ್ ಮುಸುಕು ಹಾರಿಹೋಗುತ್ತದೆ. ಹಾಗೆಂದು ಬಾಗಿಲು ಮುಚ್ಚಿ ಕೂರುವುದೂ ಸಲ್ಲದು: ಗಾಳಿಗಿಂತ ಭಾರವಾದ ಆರ್ಗಾನ್ ಕೆಳಗೆ ತುಂಬಿಕೊಂಡು ಉಸಿರಾಟಕ್ಕೆ ಬೇಕಾದ ಗಾಳಿಯನ್ನು ಹೊರದಬ್ಬುತ್ತದೆ. ಬಾಗಿಲು ತೆರೆದಿಟ್ಟು, ಮೇಜಿನ ಮೂರು ಕಡೆ ತಗಡಿನ ಮರೆ ಕಟ್ಟಿ, ಫ್ಯಾನನ್ನು ಬೆನ್ನ ಕಡೆಗಲ್ಲದೆ ಹೊಗೆ ಹೊರಹೋಗುವ ದಿಕ್ಕಿಗೆ ತಿರುಗಿಸಬೇಕು. ದೊಡ್ಡ ಮಷಿನ್ ಬೇಕೆನ್ನುವವರ ವಾದದಲ್ಲೂ ಸ್ವಲ್ಪ ಹುರುಳಿದೆ. ಅಲ್ಯೂಮಿನಿಯಂಗೆ ಎಸಿ ಕರೆಂಟ್ ಕೊಡುವ ಮಷಿನ್ ಬೇಕೇ ಬೇಕು, ಏಕೆಂದರೆ ಆ ಲೋಹ 660 ಡಿಗ್ರಿಗೆ ಕರಗಿದರೆ ಅದರ ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಆದರೆ ತೆಳು ಸ್ಟೀಲಿಗೆ ಮಿಲಿಮೀಟರಿಗೆ ಸುಮಾರು 40 ಆಂಪ್ ಸಾಕು. ಅಷ್ಟಕ್ಕೆ 200 ಆಂಪಿನ ಸಾಧಾರಣ ಮಷಿನ್ನೂ ಬೆವರುವುದಿಲ್ಲ.

ಎಷ್ಟೇ ಚೆನ್ನಾಗಿ ಹರಿದರೂ ಆರ್ಗಾನ್ ಕಾಯುವುದು ಲೋಹವನ್ನು, ವೆಲ್ಡರಿನ ಎದೆಗೂಡನ್ನಲ್ಲ. ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುತ್ತದೆ. ಅದರಲ್ಲಿ ಒರೆಸಿದ ಲೋಹಕ್ಕೆ ಆರ್ಕ್ ಹಚ್ಚಿದರೆ ವಿಷಾನಿಲ ಏಳುತ್ತದೆ. ಅಸಿಟೋನ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ಆರ್ಕ್ ಹಚ್ಚಿ. ಇನ್ನು ಸತು. ಅದು 907 ಡಿಗ್ರಿಗೇ ಕುದಿಯುತ್ತದೆ, ಉಕ್ಕು ಕರಗಲು ಸುಮಾರು 1,500 ಬೇಕು. ಹೀಗಾಗಿ ಜಿಐ ಪೈಪಿನ ಸತುವಿನ ಲೇಪ ಬಿಳಿ ಹೊಗೆಯಾಗಿ ಏಳುತ್ತದೆ, ಟಂಗ್‌ಸ್ಟನ್ ಮೊನೆಯನ್ನು ಕೆಡಿಸುತ್ತದೆ, ಸೇದಿದವರಿಗೆ ರಾತ್ರಿ ಚಳಿಜ್ವರ ತರುತ್ತದೆ. ಬೀದರಿನ ಮನೆಗಳಲ್ಲಿ ಇನ್ನೊಂದು ಸತುವಿದೆ: ಬಿದ್ರಿ ಸಾಮಾನು ಬಹುತೇಕ ಸತುವೇ, ತಾಮ್ರ ಅಲ್ಪ. ಬಿರುಕು ಬಿಟ್ಟ ಬಿದ್ರಿ ಹೂಜಿಯ ಮೇಲೆ ಹೊಸ ಟಾರ್ಚ್ ಪರೀಕ್ಷಿಸಲು ಹೋಗಬೇಡಿ, ಬಿದ್ರಿ ಕೆಲಸದವರ ಕೈಗೇ ಕೊಡಿ.