ಎಂಟನೇ ನಂಬರಿನ ಹುಡುಗಿಯ ತಾಕತ್ತು

ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ನಮ್ಮ ಶೇಗಾಂವದಲ್ಲಿ ಮಳೆ, ದಾಳಿಂಬರಿ ದರ, ಚುನಾವಣೆ ಈ ಮೂರರ ಮೇಲೆ ವಾದ ನಡೆಯುವುದು ಹಳೆಯ ಸಂಗತಿ. ಈಚಿನ ವರ್ಷಗಳಲ್ಲಿ ಅದಕ್ಕೆ ನಾಲ್ಕನೆಯದೊಂದು ಬಂದು ಸೇರಿದೆ. ಅದು ಹೆಣ್ಣುಮಕ್ಕಳ ಕ್ರಿಕೆಟ್. ಗಂಡಸರ ಆಟ ಬಿಟ್ಟು ಬೇರೆ ಆಟ ನೋಡದಿದ್ದ ಹಿರಿಯರೂ ಈಗ "ಇವತ್ತ ನಮ್ಮ ಹುಡುಗ್ಯಾರ ಮ್ಯಾಚ್ ಐತೇನು?" ಎಂದು ಕೇಳುತ್ತಾರೆ.

ಇದಕ್ಕೆ ಕಾರಣ ದೂರ ಹುಡುಕಬೇಕಾಗಿಲ್ಲ. ಸ್ಮೃತಿ ಮಂಧಾನಾ ಬೆಳೆದದ್ದು ನಮ್ಮದೇ ಜಿಲ್ಲೆಯ ಮಾಧವನಗರದಲ್ಲಿ. 2013ರಲ್ಲಿ 19 ವರ್ಷದೊಳಗಿನವರ ಏಕದಿನ ಪಂದ್ಯದಲ್ಲಿ ಮಹಾರಾಷ್ಟ್ರದ ಪರ ಆಡಿ, ಗುಜರಾತದ ಎದುರು 150 ಚೆಂಡಿಗೆ ಔಟಾಗದೆ 224 ರನ್ ಹೊಡೆದಾಗ ಆಕೆಗೆ 17 ವರ್ಷ. ಅದೇ ಸ್ಮೃತಿ 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗಿನ ಬೆಂಗಳೂರು ತಂಡದ ನಾಯಕಿಯಾದರು. 2024ರ ಮಾರ್ಚ್ 17ರಂದು ದಿಲ್ಲಿಯಲ್ಲಿ ಆ ತಂಡ ಕಪ್ಪು ಗೆದ್ದಿತು. ಹೀಗಾಗಿ ಗಡಿಯ ಈಚೆ ಇರುವ ಕನ್ನಡಿಗರಾದ ನಮಗೆ ಎರಡು ಕಡೆಯ ಅಭಿಮಾನವೂ ಒಂದೇ ಅಂಗಿಯಲ್ಲಿ ಸಿಕ್ಕಂತಾಯಿತು. ಜಿಲ್ಲೆಯ ಮಗಳೂ ಹೌದು, ಬೆಂಗಳೂರಿನ ನಾಯಕಿಯೂ ಹೌದು.

ಆದರೆ ನಮ್ಮೂರ ಕಟ್ಟೆಯ ಮೇಲೆ ಹೆಚ್ಚು ವಾದ ಎಬ್ಬಿಸಿದವಳು ಸ್ಮೃತಿ ಅಲ್ಲ. ಅದೇ ಬೆಂಗಳೂರು ತಂಡದ ವಿಕೆಟ್ ಕೀಪರ್, ಬಂಗಾಳದ ಸಿಲಿಗುರಿಯ ಹುಡುಗಿ ರಿಚಾ ಘೋಷ್. 2003ರ ಸೆಪ್ಟೆಂಬರಿನಲ್ಲಿ ಹುಟ್ಟಿದವಳು. 2020ರಲ್ಲಿ ಭಾರತದ ಪರ ಮೊದಲ ಬಾರಿ ಆಡಿದಾಗ 16 ವರ್ಷ. 2024ರ ಆ ದಿಲ್ಲಿ ಪಂದ್ಯದಲ್ಲಿ ಕೊನೆಯ ಓವರಿನಲ್ಲಿ ಗೆಲುವಿನ ಹೊಡೆತ ಹೊಡೆದವಳೂ ಈಕೆಯೇ. ಈಕೆಯ ತಾಕತ್ತು ಯಾವುದು? ತೋಳೋ, ತಲೆಯೋ? ಇದೇ ಪ್ರಶ್ನೆ.

ವಿಶಾಖಪಟ್ಟಣದ ಆ ಪಂದ್ಯ

ವಾದ ಕಾವೇರಿದ್ದು 2025ರ ಅಕ್ಟೋಬರ್ 9ರಂದು. ವಿಶ್ವಕಪ್ಪಿನ ಪಂದ್ಯ, ವಿಶಾಖಪಟ್ಟಣದಲ್ಲಿ ಭಾರತಕ್ಕೂ ದಕ್ಷಿಣ ಆಫ್ರಿಕಕ್ಕೂ. ಮಳೆಯಿಂದ ತಡವಾಗಿ ಶುರುವಾದ ಆಟ. ನಮ್ಮ ಕಡೆ ದ್ರಾಕ್ಷಿಯ ಅಕ್ಟೋಬರ್ ಛಾಟಣಿಯ ದಿನಗಳು ಅವು. ದಿನವಿಡೀ ಕತ್ತರಿ ಹಿಡಿದು ಬಂದವರು ಸಂಜೆ ಚಹಾದಂಗಡಿಯ ಟೀವಿ ಮುಂದೆ ಕೂತಿದ್ದರು. ದಾಳಿಂಬರಿ ತುಂಬಿಕೊಳ್ಳಲು ಬಂದ ಅನಂತಪುರ ಕಡೆಯ ಲಾರಿ ಚಾಲಕನೊಬ್ಬನೂ ಇದ್ದ.

ಮೊದಲು ಆಡಿದ ಭಾರತ ಒಂದು ವಿಕೆಟಿಗೆ 83 ಇದ್ದದ್ದು ನೋಡನೋಡುತ್ತ 102ಕ್ಕೆ 6 ಆಯಿತು. 19 ರನ್ನಿನಲ್ಲಿ ಐದು ವಿಕೆಟ್. ಆಗ ಎಂಟನೇ ನಂಬರಿಗೆ ಇಳಿದವಳು ರಿಚಾ.

"ಮುಗೀತ ಬಿಡ್ರಿ, ಇನ್ನ ಟೀವಿ ಬಂದ್ ಮಾಡ್ರಿ" ಅಂದರು ಒಬ್ಬ ಅಡತಿ ವ್ಯಾಪಾರಿ. ಲೆಕ್ಕದ ಮನುಷ್ಯ, ನಷ್ಟ ಬೇಗ ಗುರುತಿಸುವವರು.

"ತಡೀರಿ ಸಾವಕಾರ್ರ, ಈ ಹುಡುಗಿ ಒಬ್ಬಾಕಿನ ಸಾಕು. ಆಕೀ ಭುಜಾ ನೋಡ್ರಿ. ಹೊಡದ್ರ ಚೆಂಡು ಸಮುದ್ರಕ್ಕ ಹೋಗತೈತಿ" ಅಂದ ಒಬ್ಬ ತರುಣ.

ಇವನ ಮಾತಿಗೆ ಆಧಾರ ಇತ್ತು. 2022ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನ ಎದುರು ಏಕದಿನ ಪಂದ್ಯದಲ್ಲಿ ಈಕೆ 26 ಚೆಂಡಿಗೆ ಐವತ್ತು ಹೊಡೆದಿದ್ದಳು. 2024ರ ಡಿಸೆಂಬರಿನಲ್ಲಿ ವೆಸ್ಟ್ ಇಂಡೀಸಿನ ಎದುರು ಟಿ20ಯಲ್ಲಿ 18 ಚೆಂಡಿಗೇ ಐವತ್ತು. 2025ರ ಫೆಬ್ರವರಿ 14ರಂದು ವಡೋದರೆಯಲ್ಲಿ ಬೆಂಗಳೂರು ತಂಡಕ್ಕೆ 202 ರನ್ ಬೇಕಿದ್ದಾಗ 27 ಚೆಂಡಿಗೆ ಔಟಾಗದೆ 64 ಹೊಡೆದು ಗೆಲ್ಲಿಸಿದ್ದಳು.

ಆದರೆ ಆ ಸಂಜೆ ನಡೆದದ್ದು ಬೇರೆ. ಬಂದವಳೇ ಬೀಸಲಿಲ್ಲ. ಒಂದು, ಒಂದು, ಬಿಟ್ಟ ಚೆಂಡು, ಮತ್ತೆ ಒಂದು. ಅಮನ್‌ಜೋತ್ ಕೌರ್ ಜೊತೆ 51 ರನ್ ಕೂಡಿಸಿದಳು. 153ಕ್ಕೆ ಏಳನೇ ವಿಕೆಟ್ ಬಿತ್ತು. ಸ್ನೇಹ ರಾಣಾ ಬಂದಳು. ಅಲ್ಲಿಂದ ಆಟದ ಬಣ್ಣ ಬದಲಾಯಿತು. ಇಬ್ಬರೂ ಸೇರಿ 88 ರನ್. ಕೊನೆಯ ಓವರಿನಲ್ಲಿ ರಿಚಾ ಔಟಾದಾಗ ಆಕೆಯ ಲೆಕ್ಕ 77 ಚೆಂಡಿಗೆ 94. ಅದರಲ್ಲಿ 11 ಬೌಂಡರಿ, 4 ಸಿಕ್ಸರ್. ನೂರಕ್ಕೆ ಆರು ಕಡಿಮೆ. ತಂಡದ ಮೊತ್ತ 251.

ಪೈಲವಾನರ ಮಾತು

ಆಟದ ನಡುವಿನ ಬಿಡುವಿನಲ್ಲಿ ವಾದ ಮತ್ತೆ ಎದ್ದಿತು. ತರುಣರದು ಒಂದೇ ಪಟ್ಟು: ತೋಳಿನ ಬಲ. ಆಗ ಬಾಯಿ ತೆಗೆದವರು ಎಳೆ ವಯಸ್ಸಿನಲ್ಲಿ ತಾಲೀಮಿನ ಮಣ್ಣು ಮೈಗೆ ಹಚ್ಚಿಕೊಂಡಿದ್ದ ಒಬ್ಬ ಹಿರಿಯರು. ಸಾಂಗಲಿ ಜಿಲ್ಲೆ ಕುಸ್ತಿಯ ಜಿಲ್ಲೆ. ಹಿಂದ್ ಕೇಸರಿ ಮಾರುತಿ ಮಾನೆ ಇಲ್ಲಿಯ ಕವಠೆ ಪಿರಾನದವರು. ಹೀಗಾಗಿ ಬಲದ ವಿಷಯದಲ್ಲಿ ಪೈಲವಾನರ ಮಾತಿಗೆ ನಮ್ಮಲ್ಲಿ ತೂಕ ಜಾಸ್ತಿ.

"ತಮ್ಮಾ, ತೋಳು ಎಲ್ಲಾರಿಗೂ ಇರತಾವ. ಕುಸ್ತ್ಯಾಗ ಮೊದಲ ಐದು ನಿಮಿಷ ಜಿಗದಾಡಾಂವ ಗೆಲ್ಲೂದಿಲ್ಲ. ದಮ್ ಹಿಡದಾಂವ ಗೆಲ್ಲತಾನ. ಈ ಹುಡುಗಿ ದಮ್ ಹಿಡದಾಳ, ನೋಡಿದೇನ?"

ಈ ದಮ್ ಎನ್ನುವ ಮಾತನ್ನು ಗಡಿಯ ಜನ ಸ್ವಲ್ಪ ನಿಂತು ನೋಡಬೇಕು. ಮರಾಠಿಯಲ್ಲಿ "ದಮ್ ಆಹೆ" ಅಂದರೆ ಕಸುವು ಇದೆ ಎಂದು ಅರ್ಥ. "ದಮ್ ಧರ" ಅಂದರೆ ತಾಳು, ಅವಸರ ಮಾಡಬೇಡ ಎಂದು ಅರ್ಥ. ಒಂದೇ ಮಾತಿನಲ್ಲಿ ಬಲವೂ ಉಂಟು, ತಾಳ್ಮೆಯೂ ಉಂಟು. ಪೈಲವಾನರು ಹೇಳಿದ್ದು ಎರಡನ್ನೂ.

ಅಷ್ಟರಲ್ಲಿ ಲಾರಿ ಚಾಲಕ ತಲೆಯಾಡಿಸಿ, "ಓಪಿಕ ಉಂದಿ ಆ ಅಮ್ಮಾಯಿಕಿ" ಅಂದ. ಉಳಿದವರಿಗೆ ತಿಳಿಯಲಿಲ್ಲ. ಕನ್ನಡದ ಜೊತೆ ತೆಲುಗಿನಲ್ಲೂ ನಾಲ್ಕು ಸಾಲು ಬರೆಯುವ ನನಗೆ ಖುಷಿಯಾಯಿತು. ತೆಲುಗಿನ ಓಪಿಕಕ್ಕೂ ಇದೇ ಎರಡು ಅರ್ಥ. "ಓಪಿಕ ಲೇದು" ಅಂದರೆ ಮೈಯಲ್ಲಿ ಶಕ್ತಿ ಇಲ್ಲ ಎಂದೂ ಆಗುತ್ತದೆ, ಸಹನೆ ಇಲ್ಲ ಎಂದೂ ಆಗುತ್ತದೆ. ನಮ್ಮ ಕನ್ನಡದ ತಾಳು ಎಂಬ ಮಾತನ್ನೇ ತೆಗೆದುಕೊಳ್ಳಿ. ಕಾಯುವುದೂ ತಾಳುವುದೇ, ಭಾರ ಹೊರುವುದೂ ತಾಳುವುದೇ. ಮೂರು ಭಾಷೆಯ ಜನ ತಂತಮ್ಮ ಹೊಲದಲ್ಲಿ ದುಡಿದು ಕಂಡುಕೊಂಡ ಸತ್ಯ ಒಂದೇ.

ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂಗಾರಿ ಜೋಳ ಬಿತ್ತುವವನು ಹದ ನೋಡುತ್ತಾನೆ. ಎತ್ತು ಗಟ್ಟಿ ಇವೆ ಎಂದು ಹಸಿ ನೆಲಕ್ಕೆ ಕೂರಿಗೆ ಇಳಿಸುವುದಿಲ್ಲ. ಹದ ಬಂದ ದಿನ ಮನೆಯಲ್ಲಿ ಕೂರುವುದೂ ಇಲ್ಲ. ರಿಚಾ 94 ಹೊಡೆದದ್ದು ಹೀಗೆ. ಹದ ಬರುವ ತನಕ ತಡೆದಳು, ಬಂದ ಮೇಲೆ ತಡೆಯಲಿಲ್ಲ.

ಅಮೆರಿಕದ ಬೇಸ್‌ಬಾಲಿನಲ್ಲಂತೂ ಬಿಡುವ ಗುಣಕ್ಕೆ ನೇರ ಬಹುಮಾನವೇ ಇದೆ. ಎಸೆದ ಚೆಂಡು ಹೊಡೆಯುವ ಎಲ್ಲೆಯ ಹೊರಗೆ ಬಂದಾಗ ಹೊಡೆಯಹೋಗದೆ ಬಿಡಬೇಕು. ಅಂಥ ನಾಲ್ಕು ಚೆಂಡು ಬಿಟ್ಟವನಿಗೆ ಓಡದೆಯೇ ಮೊದಲ ನೆಲೆ ಸಿಗುತ್ತದೆ. ಅಲ್ಲಿಯೂ ಹುಡುಗನೊಬ್ಬನ ಬಲ ಅಳೆಯುವಾಗ ಎಷ್ಟು ದೂರ ಹೊಡೆದ ಎನ್ನುವುದರ ಜೊತೆಗೆ ಯಾವುದನ್ನು ಬಿಟ್ಟ ಎನ್ನುವುದನ್ನೂ ನೋಡುತ್ತಾರೆ.

ನಮ್ಮ ಜಿಲ್ಲೆಗೆ ಈ ಗುಣ ಹೊಸದಲ್ಲ. ವಿಜಯ ಹಜಾರೆ 1915ರಲ್ಲಿ ಹುಟ್ಟಿದ್ದು ಸಾಂಗಲಿಯಲ್ಲೇ. 1948ರಲ್ಲಿ ಅಡಿಲೇಡಿನ ಟೆಸ್ಟಿನಲ್ಲಿ ಆಸ್ಟ್ರೇಲಿಯದ ಎದುರು ಎರಡೂ ಇನಿಂಗ್ಸಿನಲ್ಲಿ ನೂರು, 116 ಮತ್ತು 145, ಹೊಡೆದವರು. ಭಾರತ ಮೊದಲ ಬಾರಿ ಟೆಸ್ಟ್ ಗೆದ್ದದ್ದು 1952ರಲ್ಲಿ, ಮದರಾಸಿನಲ್ಲಿ, ಅವರ ನಾಯಕತ್ವದಲ್ಲೇ.

ಎದುರಿನ ಎಂಟನೇ ನಂಬರು

ಪಂದ್ಯ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ದಕ್ಷಿಣ ಆಫ್ರಿಕ 81ಕ್ಕೆ 5 ಆದಾಗ ನಮ್ಮವರು ಗೆದ್ದೇಬಿಟ್ಟೆವು ಎಂದು ಎರಡನೇ ಸುತ್ತಿನ ಚಹಾ ಹೇಳಿದರು. ನಾಯಕಿ ಲಾರಾ ವೋಲ್ವಾರ್ಟ್ 70 ಹೊಡೆದು ಹೋದಳು, 142ಕ್ಕೆ 6. ಆಗ ಇಳಿದವಳು ನದೀನ್ ಡಿ ಕ್ಲರ್ಕ್. ಆಕೆಯದೂ ಎಂಟನೇ ನಂಬರು. ಕ್ಲೋಯಿ ಟ್ರಯಾನ್ ಜೊತೆ ನಿಂತು ಕಾದಳು. ಟ್ರಯಾನ್ 49ಕ್ಕೆ ಹೋದ ಮೇಲೆ ಬಿರುಗಾಳಿಯಾದಳು. 54 ಚೆಂಡಿಗೆ ಔಟಾಗದೆ 84, ಅದರಲ್ಲಿ 5 ಸಿಕ್ಸರ್. ಏಳು ಚೆಂಡು ಉಳಿದಿರುವಾಗಲೇ ಮೂರು ವಿಕೆಟ್‌ಗಳಿಂದ ಅವರೇ ಗೆದ್ದರು.

ಚಹಾದಂಗಡಿಯಲ್ಲಿ ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಡತಿ ವ್ಯಾಪಾರಿಯೇ ಶುರುಮಾಡಿದರು: "ಈಗ ಲೆಕ್ಕಾ ಹಾಕ್ರಿ. ರಿಚಾನ ಐದನೇದಕ್ಕ ಕಳಿಸಿದ್ರ ನೂರಾ ಮೂವತ್ತ ಹೊಡೀತಿದ್ಲು. ಒಳ್ಳೇ ಮಾಲು ಗೋಡಾವನ್ಯಾಗ ಇಟ್ಟು ಹುಳಾ ಹತ್ತಿಸಿಧಂಗಾತು."

"ಹಂಗಲ್ಲ ಮಾಮಾ" ಎಂದ ತರುಣ. "ಕೊನೀ ಹತ್ತು ಓವರಿಗೆ ಹೊಡಿಯೋರು ಬೇಕಲ್ಲ? ಮೊದಲ ಕಳಿಸಿ ಔಟ್ ಆದ್ರ ಕಡೀಕ ಯಾರ ಅದಾರ?"

ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಅಲ್ಲಿಯೇ, ಅಂಗಡಿಯವರ ಮನೆಯ ಬಾಗಿಲಲ್ಲಿ ನಿಂತು ಆಟ ನೋಡುತ್ತಿದ್ದ ಹೈಸ್ಕೂಲಿನ ಹುಡುಗಿಯೊಬ್ಬಳು ಇಬ್ಬರಿಗೂ ಉತ್ತರ ಕೊಟ್ಟಳು.

"ಕಾಕಾ, ತಾಳಬೇಕು ಅಂತೀರಿ. ತಾಳಾಕ ಚೆಂಡು ಉಳದಿರಬೇಕಲ್ರಿ? ಆಕೀ ಬಂದಾಗ ಓವರ್ ಇದ್ದುವು, ಅದಕ್ಕ ತಾಳಿದ್ಲು. ನಮ್ಮನ್ನ ಹುಡುಗ್ರು ಆಟಕ್ಕ ಕರೀತಾರ, ಫೀಲ್ಡಿಂಗಿಗೆ. ಬ್ಯಾಟಿಂಗ್ ಬಂದ್ರ ಕೊನೀ ಎರಡು ಚೆಂಡು. ಎರಡು ಚೆಂಡಿನ್ಯಾಗ ತಾಕತ್ತು ಹೆಂಗ ತೋರ್ಸೂದ್ರಿ?"

ಪೈಲವಾನರು ನಕ್ಕರು. ವ್ಯಾಪಾರಿ ನಗಲಿಲ್ಲ, ಯೋಚಿಸಿದರು. ಆಕೆ ಹೇಳಿದ್ದು ಕ್ರಿಕೆಟಿನ ಮಾತೇ. ಬರೀ ಕ್ರಿಕೆಟಿನ ಮಾತಲ್ಲ ಎನ್ನುವುದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು.

ಆಮೇಲೆ ಏನಾಯಿತು

ಆ ಸೋಲಿನ ಬೆನ್ನಿಗೇ ಅಕ್ಟೋಬರ್ 12ರಂದು ಅದೇ ಮೈದಾನದಲ್ಲಿ ಭಾರತ 330 ಹೊಡೆದೂ ಆಸ್ಟ್ರೇಲಿಯಕ್ಕೆ ಸೋತಿತು. 19ರಂದು ಇಂದೂರಿನಲ್ಲಿ ಇಂಗ್ಲೆಂಡಿನ ಎದುರು ನಮ್ಮ ಸ್ಮೃತಿ 88 ಹೊಡೆದರೂ ನಾಲ್ಕೇ ರನ್ನಿನಿಂದ ಸೋಲು. ಸಾಲಾಗಿ ಮೂರು. "ಇನ್ನ ಕಪ್ಪು ಮರೀರಿ" ಎನ್ನುವವರೇ ಊರ ತುಂಬ.

23ರಂದು ನವಿ ಮುಂಬಯಿಯಲ್ಲಿ ನ್ಯೂಜಿಲೆಂಡಿನ ಎದುರು ಸ್ಮೃತಿ 109, ಪ್ರತಿಕಾ ರಾವಲ್ 122 ಹೊಡೆದರು, ಭಾರತ ಗೆದ್ದಿತು. 30ರಂದು ಸೆಮಿಫೈನಲಿನಲ್ಲಿ ಆಸ್ಟ್ರೇಲಿಯದ 338ರ ಬೆನ್ನು ಹತ್ತಿ ಗೆದ್ದಾಗ ಜೆಮಿಮಾ ರಾಡ್ರಿಗಸ್ ಔಟಾಗದೆ 127. ಅಂದು ರಿಚಾ ಆರನೆಯವಳಾಗಿ ಬಂದು 16 ಚೆಂಡಿಗೆ 26 ಹೊಡೆದು ರನ್ನಿನ ಒತ್ತಡ ಇಳಿಸಿದಳು. ನವೆಂಬರ್ 2ರ ಫೈನಲಿನಲ್ಲಿ ಎದುರಿಗೆ ಮತ್ತೆ ಅದೇ ದಕ್ಷಿಣ ಆಫ್ರಿಕ. ಶಫಾಲಿ ವರ್ಮಾ 87, ದೀಪ್ತಿ ಶರ್ಮಾ 58 ಮತ್ತು ಐದು ವಿಕೆಟ್, ರಿಚಾ 24 ಚೆಂಡಿಗೆ 34. ಭಾರತ 298, ಅವರು 246. 52 ರನ್ನಿನಿಂದ ಕಪ್ಪು ನಮ್ಮದಾಯಿತು.

94 ಹೊಡೆದ ದಿನ ಸೋಲು, 34 ಹೊಡೆದ ದಿನ ಕಪ್ಪು. ಹುಡುಗಿಯ ತಾಕತ್ತನ್ನು ರನ್ನಿನ ತಕ್ಕಡಿಯಲ್ಲಿ ಮಾತ್ರ ತೂಗಿದರೆ ತಪ್ಪಾಗುತ್ತದೆ. ಯಾವ ಹೊತ್ತಿನಲ್ಲಿ ಇಳಿದಳು, ಕೈಯಲ್ಲಿ ಎಷ್ಟು ಚೆಂಡು ಇದ್ದವು, ಎದುರು ತುದಿಯಲ್ಲಿ ಯಾರು ನಿಂತಿದ್ದರು, ಇದೆಲ್ಲ ಕೂಡಿಯೇ ಲೆಕ್ಕ.

ಬಂಗಾಳದ ಜನ ತಮ್ಮ ಮಗಳನ್ನು ಮರೆಯಲಿಲ್ಲ. ಅಲ್ಲಿಯ ಕ್ರಿಕೆಟ್ ಸಂಸ್ಥೆ ಫೈನಲಿನ ರನ್ನಿಗೆ ಒಂದು ಲಕ್ಷದಂತೆ 34 ಲಕ್ಷ ರೂಪಾಯಿ ಕೊಟ್ಟಿತು. ಸರಕಾರ ಪೊಲೀಸ್ ಇಲಾಖೆಯಲ್ಲಿ ಡಿಎಸ್‌ಪಿ ಹುದ್ದೆ ಕೊಟ್ಟಿತು. ಸಿಲಿಗುರಿಯಲ್ಲಿ ಆಕೆಯ ಹೆಸರಿನಲ್ಲಿ ಮೈದಾನ ಕಟ್ಟುವುದಾಗಿಯೂ ಹೇಳಿತು. ಗೆದ್ದ ಮೇಲೆ ಕೊಡುವುದು ಒಳ್ಳೆಯದೇ. ಗೆಲ್ಲುವ ಮೊದಲು ಕೊಡುವುದು ಇನ್ನೂ ಒಳ್ಳೆಯದು, ಮತ್ತು ಅದಕ್ಕೆ ಲಕ್ಷಗಟ್ಟಲೆ ದುಡ್ಡು ಬೇಕಾಗಿಲ್ಲ.

ನಮ್ಮ ಕಡೆಯ ಊರುಗಳಲ್ಲಿ ಕನ್ನಡ ಶಾಲೆಯೂ ಇವೆ, ಮರಾಠಿ ಶಾಲೆಯೂ ಇವೆ. ಜೋಳ ಕೊಯ್ದ ಹೊಲ, ಶಾಲೆಯ ಬಯಲು ಬೇಸಿಗೆಯಲ್ಲಿ ಖಾಲಿ ಇರುತ್ತವೆ. ಟೆನಿಸ್ ಚೆಂಡು, ಒಂದು ಬ್ಯಾಟು, ಮೂರು ಕೋಲು ಸಾಕು. ವಾರಕ್ಕೆ ಎರಡು ಸಂಜೆ ಹುಡುಗಿಯರಿಗೆ ಎಂದು ಗುರುಗಳು ಗೊತ್ತುಮಾಡಲಿ. ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟುವಂತೆ ಊರ ಹಿರಿಯರೊಬ್ಬರು ಜೊತೆಗಿರಲಿ. ಹುಡುಗರ ಜೊತೆ ಕೂಡಿ ಆಡುವುದಾದರೆ ಮೊದಲ ಮೂರರಲ್ಲಿ ಒಬ್ಬ ಹುಡುಗಿ ಇಳಿಯಬೇಕು ಎಂಬ ಕಟ್ಟಳೆ ಇರಲಿ.

ಅವರಲ್ಲಿ ಎಲ್ಲರೂ ರಿಚಾ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಯಾರ ತೋಳಿನಲ್ಲಿ ಏನಿದೆ, ಯಾರಲ್ಲಿ ತಾಳುವ ದಮ್ ಇದೆ ಎಂದು ಕಟ್ಟೆಯ ಮೇಲೆ ಕೂತು ವಾದ ಮಾಡಬೇಕಾದರೆ, ಮೊದಲು ಅವರ ಪಾಲಿಗೆ ಒಂದು ಓವರಾದರೂ ಬರಲಿ.