ಯಕೃತ್ತಿನ ಶಸ್ತ್ರಚಿಕಿತ್ಸೆಯ ಬಳಿಕ ಮೂತ್ರಪಿಂಡದ ಕಾಳಜಿ

ಯಕೃತ್ತಿನಲ್ಲಿ ಗಡ್ಡೆ ಬೆಳೆದರೆ ಆ ಭಾಗವನ್ನು ಕತ್ತರಿಸಿ ತೆಗೆಯುವುದು, ಯಕೃತ್ತು ಪೂರ್ಣ ಕೆಟ್ಟಾಗ ದಾನಿಯ ಯಕೃತ್ತನ್ನು ಕಸಿ ಮಾಡುವುದು ಇಂದು ಸಾಧ್ಯವಾಗಿದೆ. ಚಿಂಚೋಳಿ, ಸೇಡಂ, ಚಿತ್ತಾಪುರ ಭಾಗದವರು ಇಂತಹ ಚಿಕಿತ್ಸೆಗಾಗಿ ಹೈದರಾಬಾದ್ ಅಥವಾ ಬೆಂಗಳೂರಿನಂತಹ ನಗರಗಳಿಗೆ ಹೋಗಬೇಕಾಗುತ್ತದೆ. ಗುಣವಾಗಿ ಊರಿಗೆ ಮರಳಿದ ಮೇಲೆ ಮನೆಯವರ ಗಮನವೆಲ್ಲ ಯಕೃತ್ತಿನ ಮೇಲೆಯೇ ಇರುತ್ತದೆ. ಆದರೆ ಅದೇ ಶಸ್ತ್ರಚಿಕಿತ್ಸೆಯಲ್ಲಿ ಮೂತ್ರಪಿಂಡಕ್ಕೂ ಪೆಟ್ಟು ಬಿದ್ದಿರಬಹುದು.

ಈ ಎರಡು ಅಂಗಗಳ ಸ್ವಭಾವ ಬೇರೆ ಬೇರೆ. ಆರೋಗ್ಯವಂತ ಯಕೃತ್ತಿನ ಒಂದು ಭಾಗವನ್ನು ತೆಗೆದರೂ ಉಳಿದ ಭಾಗವು ಕೆಲವು ವಾರ, ತಿಂಗಳುಗಳಲ್ಲಿ ಮತ್ತೆ ಬೆಳೆಯುತ್ತದೆ. ಮೂತ್ರಪಿಂಡದಲ್ಲಿ ರಕ್ತವನ್ನು ಸೋಸುವ ಸೂಕ್ಷ್ಮ ಘಟಕಗಳಾದ ನೆಫ್ರಾನ್‌ಗಳು ಮಾತ್ರ ಒಮ್ಮೆ ನಾಶವಾದರೆ ಹೊಸದಾಗಿ ಹುಟ್ಟುವುದಿಲ್ಲ.

ಪೆಟ್ಟು ಬೀಳುವುದೇಕೆ?

ಹೃದಯವು ಹೊರಹಾಕುವ ರಕ್ತದ ಸುಮಾರು ಐದನೆಯ ಒಂದು ಪಾಲು ಮೂತ್ರಪಿಂಡಗಳಿಗೆ ಹರಿಯುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ರಕ್ತಸ್ರಾವವಾಗಿ ರಕ್ತದೊತ್ತಡ ಕುಸಿದರೆ ಈ ಹರಿವು ತಗ್ಗುತ್ತದೆ. ತೀವ್ರ ಕಾಮಾಲೆ, ಸೋಂಕು ಮತ್ತು ಕೆಲವು ಔಷಧಿಗಳೂ ಹಾನಿ ಮಾಡಬಲ್ಲವು. ಯಕೃತ್ತು ಮೊದಲೇ ಗಟ್ಟಿಯಾಗಿ ಹೊಟ್ಟೆಯಲ್ಲಿ ನೀರು ತುಂಬಿದವರಿಗೆ, ಮಧುಮೇಹಿಗಳಿಗೆ ಅಪಾಯ ಹೆಚ್ಚು.

2012ರ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ರಕ್ತದ ಕ್ರಿಯಾಟಿನಿನ್ 48 ಗಂಟೆಗಳಲ್ಲಿ 0.3 ಮಿಲಿಗ್ರಾಂ ಏರಿದರೆ ಅಥವಾ 7 ದಿನಗಳೊಳಗೆ ಒಂದೂವರೆ ಪಟ್ಟಾದರೆ ಅದು ಮೂತ್ರಪಿಂಡದ ತೀವ್ರ ಹಾನಿ. 60 ಕಿಲೋ ತೂಕದವರಿಗೆ ಸತತ 6 ಗಂಟೆ ಕಾಲ ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆ ಮೂತ್ರ ಬಂದರೂ ಅದೇ ಅರ್ಥ.

ದೀರ್ಘಕಾಲದ ಪರಿಣಾಮ

ಅನೇಕರಲ್ಲಿ ಈ ಹಾನಿ ಕೆಲವು ದಿನಗಳಲ್ಲಿ ಶಮನವಾಗುತ್ತದೆ. ಕೆಲವರಲ್ಲಿ ಒಳಗೆ ಕಲೆ ಉಳಿದು, ವರ್ಷಗಳು ಕಳೆದಂತೆ ಮೂತ್ರಪಿಂಡದ ಶಕ್ತಿ ಕುಂದುತ್ತದೆ, ರಕ್ತದೊತ್ತಡ ಏರುತ್ತದೆ. ಯಕೃತ್ ಕಸಿಯಾದವರು ನಿತ್ಯ ಸೇವಿಸಬೇಕಾದ ಟ್ಯಾಕ್ರೊಲಿಮಸ್‌ನಂತಹ ಔಷಧಿಯೂ ಮೂತ್ರಪಿಂಡಕ್ಕೆ ಭಾರವೇ. ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಯಕೃತ್ ಕಸಿಯಾದವರ ಪೈಕಿ ಶೇ. 18ರಷ್ಟು ಜನರಿಗೆ 5 ವರ್ಷಗಳೊಳಗೆ ಮೂತ್ರಪಿಂಡದ ದೀರ್ಘಕಾಲಿಕ ವೈಫಲ್ಯ ಕಂಡುಬಂದಿತ್ತು. ಹಾಗೆಂದು ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು. ನಿಲ್ಲಿಸಿದರೆ ಕಸಿ ಮಾಡಿದ ಯಕೃತ್ತೇ ಕೈತಪ್ಪಬಹುದು. ಪ್ರಮಾಣವನ್ನು ವೈದ್ಯರೇ ಸರಿಹೊಂದಿಸುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ದೀರ್ಘಕಾಲದ ಕಾಯಿಲೆಯಿಂದ ಮೈ ಸೊರಗಿದವರಲ್ಲಿ ಮೂತ್ರಪಿಂಡ ದುರ್ಬಲವಾಗಿದ್ದರೂ ಈ ಅಂಕಿ ಸಹಜವೆಂದೇ ತೋರಬಹುದು. ಆದುದರಿಂದ ಒಂದು ವರದಿಯನ್ನು ನೋಡಿ ನಿಶ್ಚಿಂತರಾಗುವುದು ಸಲ್ಲದು.

ಮನೆಯಲ್ಲಿ ಪಾಲಿಸಬೇಕಾದುದು

ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ, ಮೂತ್ರಪಿಂಡಕ್ಕೆ ತೊಂದರೆಯಾಗಿತ್ತೇ ಎಂದು ಕೇಳಿ, ಕಾಗದಪತ್ರಗಳಲ್ಲಿ ಬರೆಯಿಸಿಕೊಳ್ಳಿರಿ. ಆಗಿದ್ದರೆ ಮೂರು ತಿಂಗಳಿಗೆ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್ ಹಾಗೂ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಬೇಕು. ಅನಂತರ ವೈದ್ಯರು ಹೇಳಿದಂತೆ, ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು.

ಹೊಲದಲ್ಲಿ, ಕಲ್ಲಿನ ಗಣಿಯಲ್ಲಿ ದುಡಿದು ಮೈಕೈ ನೊಂದಾಗ ಔಷಧಿ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆ ತಂದು ನುಂಗುವ ರೂಢಿ ನಮ್ಮಲ್ಲಿದೆ. ಇಂತಹ ರೋಗಿಗಳಿಗೆ ಇವು ಅಪಾಯಕಾರಿ. ಒಳಗೇನಿದೆ ಎಂದು ತಿಳಿಯದ ಪುಡಿ, ಭಸ್ಮಗಳೂ ಹಾಗೆಯೇ.

ನಮ್ಮ ಭಾಗದ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರು, ವಾಂತಿ, ಭೇದಿಯಿಂದ ದೇಹ ಒಣಗಿದರೆ ನೊಂದ ಮೂತ್ರಪಿಂಡಕ್ಕೆ ಮತ್ತೊಂದು ಪೆಟ್ಟು. ಹೊಟ್ಟೆಯಲ್ಲಿ ನೀರು ತುಂಬುವವರು ಮಾತ್ರ ನೀರಿನ ಅಳತೆಯನ್ನು ವೈದ್ಯರಿಂದಲೇ ತಿಳಿಯಬೇಕು. ಶ್ರಾವಣದ ಉಪವಾಸವನ್ನೂ ಅವರನ್ನು ಕೇಳಿಯೇ ಕೈಗೊಳ್ಳುವುದು ಲೇಸು.

ಕಿಡ್ನಿಗೆ ಕೇಡೆಂದು ತೊಗರಿಬೇಳೆಯನ್ನು ಪೂರ್ತಿ ಬಿಡುವವರಿದ್ದಾರೆ. ಗಾಯ ಮಾಯಲು, ಯಕೃತ್ತು ಬೆಳೆಯಲು ಪ್ರೋಟೀನ್ ಅವಶ್ಯ. ವೈದ್ಯರು ಹೇಳದೆ ಪಥ್ಯ ಮಾಡಬಾರದು. ಉಪ್ಪನ್ನು ಮಿತಗೊಳಿಸಿರಿ.

ಮೂತ್ರ ಕಡಿಮೆಯಾದರೆ, ಕಾಲು ಊದಿದರೆ, ಏದುಸಿರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಸೌಲಭ್ಯವಿದೆ. ಆದರೆ ಹಾನಿಯನ್ನು ಮೊದಲೇ ಕಂಡುಕೊಂಡು ಎಚ್ಚರ ವಹಿಸಿದರೆ ಅನೇಕರಿಗೆ ಆ ಹಂತವನ್ನು ತಪ್ಪಿಸಿಕೊಳ್ಳಲು ಸಾಧ್ಯ.